ಎರಡನೆಯ ಸರ್ವರಿನ ಉತ್ತರ

ಎಲ್ಲ ಸರಿಹೋಯಿತೆಂದು ಕೇಳಿದ ಮೇಲೆ ಶಬ್ದಾನನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಬಿಶ್ಕೆಕ್ಕಿನ ಆಸ್ಪತ್ರೆಯ ಹೊಸ ಕಟ್ಟಡದ ಕಾರಿಡಾರಿನಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದ. ತೆರೆದ ಕಿಟಕಿಯಿಂದ ಪಾಪ್ಲರ್ ಮರಗಳ ಹತ್ತಿ ತೇಲಿ ಬಂದು ನೆಲದ ಮೂಲೆಗಳಲ್ಲಿ ಉಂಡೆಗಟ್ಟುತ್ತಿತ್ತು. ಮಕ್ಕಳ ವಿಭಾಗದ ಡಾಕ್ಟರ್ ಪೆರಿಜಾತ್ ಎಂದಿನಂತೆ ಅರ್ಧ ಓಡುತ್ತ ಬಂದವಳು ಅವನನ್ನು ಕಂಡು ನಿಂತಳು. "ಬಂತು ಕಣ್ರೀ, ಅಲ್ಮಾಟಿ ಲ್ಯಾಬಿನಿಂದ ಕೊನೆಗೂ ಉತ್ತರ ಬಂತು! ಆ ನಾರಿನ್ ಕಡೆಯ ಹುಡುಗೀದು. ಯಾವ ಔಷಧಿ ಕೊಡ್ಬೇಕು ಅಂತ ಇವತ್ತು ಗೊತ್ತಾಯ್ತು. ನಿಮ್ಮ ಬುರುಲ್ ಎಜೆ ನಿನ್ನೆ ತನ್ನ ಯಂತ್ರದಲ್ಲಿದ್ದಿದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದ್ರಂತೆ. ಅಷ್ಟೇ, ಎಲ್ಲ ಸರಿಹೋಯ್ತು. ನೀವು ಸೋಮವಾರ ಹೇಳಿದ್ದೇ ನಿಜ ಆಯ್ತು ನೋಡಿ." ಅವನ ತೋಳನ್ನು ತಟ್ಟಿ ಹೊರಟುಹೋದಳು. ಅವನು ಚಹಾ ಕುಡಿದ. ಚಹಾ ಆರಿತ್ತು. ಅಳಿಸಿ ಹೊಸದಾಗಿ ಹಾಕಿದರೆ ಸರಿಹೋಯಿತು ಎಂದರೇನು ಎಂದು ಅವನ ತಲೆ ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕತೊಡಗಿತು. ಅಳಿಸಿದ ಮಾತ್ರಕ್ಕೆ ವಾಸಿಯಾಗುವ ಕಾಯಿಲೆಗಳು ಹೆಚ್ಚಿಲ್ಲ. ಅವನಿಗೆ ಗೊತ್ತಿದ್ದುದರಲ್ಲಿ ಒಂದು ಮಾತ್ರ ಇಲ್ಲಿಗೆ ಹೊಂದುತ್ತಿತ್ತು. ಆ ಕಾಯಿಲೆ ಎರಡನೆಯ ಸರ್ವರಿನದ್ದಲ್ಲ. ಮೊದಲನೆಯದರದ್ದು. ಅವನದ್ದು.

ಯಂತ್ರದ ಹೆಸರು ಕೊಟ್ಟರೆ ಅದರ ಇಂಟರ್ನೆಟ್ ವಿಳಾಸದ ಸಂಖ್ಯೆ ಹೇಳುವುದು ಒಂದು ಕೆಲಸ, ಸಂಖ್ಯೆ ಕೊಟ್ಟರೆ ಹೆಸರು ಹೇಳುವುದು ಇನ್ನೊಂದು. ಆಸ್ಪತ್ರೆಯಿಂದ ಹೊರಟ ಮೇಲ್ ಅಲ್ಮಾಟಿಯ ಬಾಗಿಲು ತಟ್ಟಿದಾಗ ಅಲ್ಲಿಯವರು ನೋಡುವುದು ಒಂದು ಸಂಖ್ಯೆಯನ್ನು. ಈ ಸಂಖ್ಯೆ ಯಾರದು ಎಂದು ತಿರುಗಿ ಬಿಶ್ಕೆಕ್ಕನ್ನೇ ಕೇಳುತ್ತಾರೆ. ಹೆಸರು ಸರಿಯಾಗಿ ಬಂದರೆ ಬಾಗಿಲು ತೆರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಆ ಪ್ರಶ್ನೆಗೆ ಉತ್ತರ ಹೇಳಲು ಆಸ್ಪತ್ರೆಯಲ್ಲಿ ಎರಡು ಸರ್ವರುಗಳಿದ್ದವು. ಹೊಸ ಕಟ್ಟಡದಲ್ಲಿ ಶಬ್ದಾನನ ಕೈಯಲ್ಲಿದ್ದದ್ದು ಮೊದಲನೆಯದು; ಹಳೆಯ ಕಟ್ಟಡದಲ್ಲಿ, ಎಲ್ಲರೂ ಎಜೆ, ಅಂದರೆ ಅಕ್ಕ, ಎನ್ನುವ ಬುರುಲ್ ಎಜೆಯ ಬಳಿ ಇದ್ದದ್ದು ಎರಡನೆಯದು. ಎರಡನೆಯದಕ್ಕೆ ಸ್ವಂತ ಮಾತಿಲ್ಲ. ಮೊದಲನೆಯದರಲ್ಲಿ ಬರೆದದ್ದನ್ನು ನಕಲು ತೆಗೆದುಕೊಂಡು ಅದನ್ನೇ ಹೇಳುವುದು ಅದರ ಕೆಲಸ. ಹೊರಗಿನವರು ಯಾರನ್ನು ಕೇಳುತ್ತಾರೋ ಯಾರಿಗೂ ಗೊತ್ತಿಲ್ಲ, ಒಮ್ಮೆ ಇದನ್ನು, ಒಮ್ಮೆ ಅದನ್ನು. ಹಾಗಾಗಿಯೇ ಕಳೆದ ವಾರವೆಲ್ಲ ಕೆಲವು ಮೇಲುಗಳು ಹೋಗುತ್ತಿದ್ದವು, ಕೆಲವು ಹಿಂದಿರುಗುತ್ತಿದ್ದವು, ಅದೇ ಮೇಲನ್ನು ಮತ್ತೆ ಕಳಿಸಿದರೆ ಹೋಗುತ್ತಿತ್ತು, ಮೂರನೆಯ ಸಲ ಇಲ್ಲ. ಪೆರಿಜಾತಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ. "ನಿಮ್ಮ ಯಂತ್ರಕ್ಕೆ ನನ್ನ ಮುಖ ಕಂಡ್ರೆ ಆಗಲ್ವಾ?" ಎಂದು ಕೇಳಿದ್ದಳು. ಇದನ್ನೆಲ್ಲ ಅವನಿಗೆ ಕಲಿಸಿದವಳು ಬುರುಲ್ ಎಜೆಯೇ. ಅವನು ಇಪ್ಪತ್ತೆರಡರ ಹುಡುಗನಾಗಿ ಕೆಲಸಕ್ಕೆ ಸೇರಿದ ದಿನ ಆಕೆ ಕುರ್ಚಿ ತಿರುಗಿಸಿ, "ನಿನ್ನ ಏಳು ತಲೆಮಾರಿನ ತಂದೆಯರ ಹೆಸರು ಹೇಳು" ಎಂದಿದ್ದಳು. ಐದನೆಯದಕ್ಕೆ ಅವನು ತಡವರಿಸಿದ. "ಥೂ, ಏಳು ತಂದೆಯರು ಗೊತ್ತಿಲ್ಲದೋನು ಕಿರ್ಗಿಜ್ ಅಂತೆ! ನೋಡು, ನೀನು ಎಣಿಸಿದ್ದು ನಿನ್ನಿಂದ ಹಿಂದಕ್ಕೆ. ಸರ್ವರಿನ ಈ ಹೆಸರುಗಳ ಫೈಲಿನಲ್ಲೂ ವಿಳಾಸಾನ ಹಾಗೇ ಹಿಂದುಮುಂದಾಗಿ ಬರೀಬೇಕು. ಇದನ್ನಾದರೂ ಮರೀಬೇಡ" ಎಂದು ನಕ್ಕಿದ್ದಳು. ಆಗ ಎರಡು ಸರ್ವರುಗಳೂ ಆಕೆಯವೇ ಆಗಿದ್ದವು. ಹೊಸ ಡೈರೆಕ್ಟರ್ ಬಂದ ಮೇಲೆ ಶಬ್ದಾನ್ ಮುಖ್ಯಸ್ಥನಾದ. ಆಕೆ ಅಭಿನಂದಿಸಿದಳು, ಮನೆಯಲ್ಲಿ ಕರಿದ ಬೋರ್ಸೋಕು ತಂದುಕೊಟ್ಟಳು, ಹಳೆಯ ಕಟ್ಟಡಕ್ಕೆ ಹೋದಳು. ಅಂದಿನಿಂದ ಇಬ್ಬರ ನಡುವೆ ಏನೂ ಆಗಿರಲಿಲ್ಲ. ಏನೂ ಆಗದೇ ಇದ್ದದ್ದೇ ಒಂದು ಗೋಡೆಯಂತೆ ಬೆಳೆದಿತ್ತು.

ಶಬ್ದಾನ್ ತನ್ನ ಕೋಣೆಗೆ ಬಂದು ಆ ಫೈಲು ತೆರೆದ. ಅದರ ತಲೆಯಲ್ಲೊಂದು ಕ್ರಮಸಂಖ್ಯೆ ಇರುತ್ತದೆ, ಬದಲಾವಣೆ ಮಾಡಿದ ದಿನದ ತಾರೀಕನ್ನೇ ಒತ್ತಾಗಿ ಬರೆಯುವ ರೂಢಿ, ಇಸವಿ ಮೊದಲು. ಎರಡನೆಯ ಸರ್ವರು ಆಗಾಗ ಬಂದು ಈ ಸಂಖ್ಯೆಯನ್ನು ಮಾತ್ರ ಇಣುಕಿ ನೋಡುತ್ತದೆ. ತನ್ನಲ್ಲಿರುವುದಕ್ಕಿಂತ ದೊಡ್ಡದಿದ್ದರೆ ಹೊಸ ನಕಲು ಕೇಳುತ್ತದೆ. ಇಲ್ಲದಿದ್ದರೆ ತನ್ನದೇ ಹೊಸತು ಎಂದುಕೊಂಡು ಹಿಂದಿರುಗುತ್ತದೆ. ಈಗ ಪರದೆಯ ಮೇಲಿದ್ದ ಸಂಖ್ಯೆ ಸರಿಯಾಗಿತ್ತು, ಚೊಕ್ಕಟವಾಗಿತ್ತು. ಅದನ್ನೇ ನೋಡುತ್ತ ಕುಳಿತ. ಇಂಟರ್ನೆಟ್ ಕಂಪನಿ ಹೊಸ ವಿಳಾಸ ಕೊಟ್ಟ ದಿನ ಅವನು ಈ ಫೈಲನ್ನು ಎರಡು ಸಲ ತಿದ್ದಿದ್ದ. ಮೊದಲ ಸಲ ಏನೋ ಸಣ್ಣದು. ಆಗ ಇಸವಿ ಬರೆಯುವಾಗ ಎರಡಂಕಿ ಅದಲುಬದಲಾಗಿರಲಿಲ್ಲವೇ? ಇಪ್ಪತ್ತೈದು ಐವತ್ತೆರಡಾಗಿರಲಿಲ್ಲವೇ? ಹೆಂಡತಿ ಫೋನಿನಲ್ಲಿದ್ದಳು, ಕಾಲು ಕೆಜಿ ಬೆಣ್ಣೆಯೋ ಅರ್ಧ ಕೆಜಿಯೋ ಎಂಬ ವಿಷಯ, ಭುಜಕ್ಕೂ ಕಿವಿಗೂ ನಡುವೆ ಫೋನು ಒತ್ತಿ ಹಿಡಿದು ಬೆರಳಾಡಿಸಿದ್ದ. ಎರಡನೆಯ ಸಲ ತೆರೆದಾಗ ತಪ್ಪು ಕಂಡಿತ್ತು. ಇಸವಿ ತಿದ್ದಿದ, ಮೇಲ್ ಸರ್ವರಿನ ಹೊಸ ಹೆಸರು ಸೇರಿಸಿದ, ಉಳಿಸಿದ. ತನ್ನ ಸರ್ವರನ್ನು ಕೇಳಿ ನೋಡಿದ, ಸರಿಯಾದ ಉತ್ತರ ಬಂತು, ಊಟಕ್ಕೆ ಹೋದ. ಆ ಹೊತ್ತಿಗೆ ಹಳೆಯ ಕಟ್ಟಡದ ಸರ್ವರು ಐವತ್ತೆರಡನೆಯ ಇಸವಿಯ ನಕಲನ್ನು ಒಯ್ದಾಗಿತ್ತು. ಯಾರಾದರೂ ಆ ನಕಲನ್ನು ಅಳಿಸದಿದ್ದರೆ ಇನ್ನು ಇಪ್ಪತ್ತೇಳು ವರ್ಷ ಅದು ಯಾವ ಹೊಸತನ್ನೂ ಕೇಳುವುದಿಲ್ಲ. ಹೀಗೆಯೇ ಆಗಿರಬೇಕು. ಅಥವಾ ಈಗ ಹೊಂದಿಕೆಯಾಗುತ್ತದೆಂದು ಹೀಗೆ ನೆನಪಾಗುತ್ತಿದೆಯೇ? ಬೆಣ್ಣೆಯ ಮಾತು ಬಂದದ್ದು ಅದೇ ದಿನವೇ? ನೆನಪನ್ನು ಒತ್ತಿದಷ್ಟೂ ಅದು ಹಿಟ್ಟಿನಂತೆ ಒತ್ತಿದ ಆಕಾರವನ್ನೇ ತಳೆಯುತ್ತಿತ್ತು.

ಅದಕ್ಕಿಂತ ಕೆಟ್ಟದು ಸೋಮವಾರ. ಡೈರೆಕ್ಟರ್ ಓರೊಜ್‌ಬೆಕ್ ಮಾಮಿತೊವಿಚ್ ಮೇಜಿನ ತುದಿಯಲ್ಲಿ ಕುಳಿತು ಪೆನ್ನಿನಿಂದ ಬಟ್ಟಲನ್ನು ತಟ್ಟುತ್ತ, "ಹುಡುಗಿ ಕಾಯಿಲೆ ಮಲಗಿದ್ದಾಳೆ, ನಮ್ಮ ಕಾಗದ ಗಡಿ ದಾಟ್ತಿಲ್ಲ. ಯಾರ ತಪ್ಪು?" ಎಂದಿದ್ದರು. ಎಲ್ಲರೂ ತನ್ನತ್ತ ತಿರುಗಿದ್ದು ಶಬ್ದಾನನಿಗೆ ಈಗಲೂ ಕೆನ್ನೆಯ ಮೇಲೆ ಬಿಸಿಯಂತೆ ತಿಳಿಯುತ್ತಿತ್ತು. "ನನ್ನದು ಸರಿಯಾಗೇ ಹೇಳ್ತಿದೆ. ಎರಡನೆಯದು ಹಳೇದನ್ನೇ ಹಿಡ್ಕೊಂಡು ಕೂತಿದೆ." ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಡೈರೆಕ್ಟರ್ ನಗೆ ತಡೆದುಕೊಂಡು, "ಹಳೇದನ್ನ ಹಿಡ್ಕೊಂಡು ಕೂತಿರೋದು ಯಂತ್ರವೋ, ನಮ್ಮ ಎಜೆಯೋ?" ಎಂದರು. ಬುರುಲ್ ಎಜೆ "ನೋಡ್ತೀನಿ" ಎಂದಳು. ಏನನ್ನೋ ಬರೆದುಕೊಳ್ಳಲು ಚೀಲದಲ್ಲಿ ಕನ್ನಡಕ ಹುಡುಕತೊಡಗಿದಳು. ಕರವಸ್ತ್ರ, ಬೀಗದ ಕೈ, ಮಾತ್ರೆಯ ಪಟ್ಟಿ, ಒಂದು ಸೇಬು ಮೇಜಿನ ಮೇಲೆ ಬಂದವು. ಕನ್ನಡಕ ಆಕೆಯ ತಲೆಯ ಮೇಲೇ ಇತ್ತು. ಮೊದಲು ನಕ್ಕದ್ದು ಲೆಕ್ಕಪತ್ರದವನು, ಆಮೇಲೆ ಎಲ್ಲರೂ. ಶಬ್ದಾನನೂ ನಕ್ಕ. ನಗಬೇಕೆಂದಲ್ಲ, ನಗದಿದ್ದರೆ ಎದ್ದು ಕಾಣುತ್ತಾನೆಂದು. ಆಕೆ ಕನ್ನಡಕ ಕೈಗೆ ಸಿಕ್ಕಿದಾಗ ಅವನನ್ನು ನೋಡಿದ್ದಳು, ಅವನನ್ನೊಬ್ಬನನ್ನೇ. ಮೇಜಿನ ಸುತ್ತ ಆಕೆಗೆ ಪರಿಚಯದ ಮುಖ ಅದೊಂದೇ ಎಂಬಂತೆ. ಆ ಗಳಿಗೆಯಲ್ಲಿ ಅವನಿಗೆ ಇಸವಿಯ ವಿಷಯ ಗೊತ್ತಿತ್ತೇ? ತಲೆಯ ಹಿಂಭಾಗದಲ್ಲಿ ಏನೋ ಒಂದು ಕದಲಿತ್ತು. ಅದು ಈ ತಪ್ಪೇ ಆಗಿತ್ತೇ, ಅಥವಾ ಬರೀ ಹಸಿವೇ?

ಡೈರೆಕ್ಟರರ ಕೋಣೆಯ ಬಾಗಿಲು ತೆರೆದೇ ಇತ್ತು. ಅವನನ್ನು ಕಂಡದ್ದೇ, "ಬಾರಪ್ಪಾ, ಬಾ! ಕೂತ್ಕೋ, ಕುಮಿಸ್ ಕುಡಿ, ನನ್ನ ಬಾವ ಸುಸಾಮಿರಿನಿಂದ ಕಳಿಸಿದ್ದು" ಎಂದು ಬಟ್ಟಲಿಗೆ ಸುರಿದರು. ಶಬ್ದಾನ್ ನಿಂತೇ ಹೇಳಿದ, "ಓರೊಜ್‌ಬೆಕ್ ಮಾಮಿತೊವಿಚ್, ಆ ಮೇಲ್ ವಿಷಯ. ತಪ್ಪು ಬುರುಲ್ ಎಜೆಯದ್ದಲ್ಲ ಅನ್ಸುತ್ತೆ. ನನ್ನ ಫೈಲಿನಲ್ಲಿ ಇಸವಿ..."

"ಈಗ ನಡೀತಿದೆಯೋ ಇಲ್ವೋ?"

"ನಡೀತಿದೆ. ಆದ್ರೆ..."

"ಅವರು ಅಳಿಸಿದ್ರು, ನಡೀತು. ಅಂದ್ಮೇಲೆ ಏನಿತ್ತೋ ಅದು ಅವರ ಹತ್ರಾನೇ ಇತ್ತು ತಾನೇ?"

"ನೋಡೋಕೆ ಹಾಗೆ ಕಾಣುತ್ತೆ..."

"ನಿನ್ನ ಗುರು ಅಂತ ಮರುಗ್ತಿದ್ದೀಯ. ಒಳ್ಳೇ ಗುಣ. ನನಗೂ ಬೇಜಾರೇ. ಮುಂದಿನ ತಿಂಗಳಿಂದ ವಿಶ್ರಾಂತಿ ತಗೊಳ್ಳಿ ಅಂತ ಹೇಳಿದ್ದೀನಿ, ಒಪ್ಕೊಂಡಿದ್ದಾರೆ. ಒಂದು ಚಾಪಾನ್ ನಿಲುವಂಗಿ ಹೊದಿಸಿ ಮರ್ಯಾದೆಯಿಂದ ಕಳಿಸೋಣ. ಕುಡಿ, ಕುಡಿ."

ಅವನು ಕುಡಿದ. ಕುದುರೆ ಹಾಲಿನ ಹುಳಿ ಮೂಗಿಗೆ ಏರಿತು. ಹೊರಗೆ ಬಂದಾಗ ಮೀಸೆಯ ಮೇಲೆ ನೊರೆ ಅಂಟಿದ್ದು ಬಾಗಿಲ ಗಾಜಿನಲ್ಲಿ ಕಂಡಿತು. ತಪ್ಪೊಪ್ಪಿಕೊಳ್ಳಲು ಹೋದವನು ಮೀಸೆಗೆ ನೊರೆ ಮೆತ್ತಿಕೊಂಡು ಬಂದಿದ್ದ. ಆಕೆ ಒಪ್ಪಿಕೊಂಡಳೆಂದರೆ? ಬುರುಲ್ ಎಜೆ ಯಾವುದನ್ನೂ ಹಾಗೆ ಒಪ್ಪಿಕೊಳ್ಳುವವಳಲ್ಲ. ಹಿಂದೊಮ್ಮೆ ಮಂತ್ರಾಲಯದ ಅಧಿಕಾರಿಯೊಬ್ಬ ಕೇಬಲಿನ ವಿಷಯದಲ್ಲಿ ದಬಾಯಿಸಿದಾಗ ಅವನ ಕೈಗೇ ಕೇಬಲು ಕೊಟ್ಟು, "ತಗೋ ತಮ್ಮಾ, ನೀನೇ ಸಿಕ್ಕಿಸು, ನಾನು ನೋಡಿ ಕಲೀತೀನಿ" ಎಂದವಳು.

ಅಂಗಳ ದಾಟುವಾಗ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಕುಳಿತಿದ್ದವನೊಬ್ಬ ಎದ್ದು ಬಂದು ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡ. ಬಿಳಿಯ ಕಲ್ಪಾಕ್ ಟೋಪಿ, ಬಿಸಿಲಿಗೆ ಸುಟ್ಟ ಮುಖ. ನಾರಿನ್ ಕಡೆಯ ಹುಡುಗಿಯ ತಂದೆ. "ಡಾಕ್ಟರಮ್ಮ ಹೇಳಿದ್ರು, ಕಂಪ್ಯೂಟರಿನೋರು ಸರಿಮಾಡಿದ್ರು ಅಂತ. ನೀವೇ ಅಲ್ವಾ ಅಣ್ಣಾ? ಹೊಸ ಔಷಧಿ ಇವತ್ತೇ ಶುರು ಮಾಡಿದ್ರು. ದೇವರು ನಿಮ್ಮ ಮಕ್ಕಳನ್ನ ಕಾಯಲಿ." ಜೇಬಿನಿಂದ ಕುರುತ್ ತೆಗೆದು, ಅವನು ಬೇಡ ಬೇಡವೆನ್ನುತ್ತಿದ್ದರೂ ಅಂಗೈಗೆ ತುರುಕಿದ. ಆ ಒಣ ಮೊಸರಿನ ಉಂಡೆಗಳು ಕಲ್ಲಿನಂತಿದ್ದವು. ನಾನಲ್ಲ ಎನ್ನಬೇಕೆಂದು ಬಾಯಿ ತೆರೆದ. ನಾನಲ್ಲ ಎಂದರೆ ಏನು ನಾನಲ್ಲ? ಸರಿಮಾಡಿದ್ದೇ, ಕೆಡಿಸಿದ್ದೇ? ಆ ಮನುಷ್ಯನಿಗೆ ಇದನ್ನು ಎಲ್ಲಿಂದ ಹೇಳತೊಡಗುವುದು? "ವಾಸಿಯಾಗ್ತಾಳೆ, ವಾಸಿಯಾಗ್ತಾಳೆ" ಎಂದು ಮೆಟ್ಟಿಲು ಹತ್ತಿದ, ಅದೂ ತನಗೆ ಗೊತ್ತಿಲ್ಲದ ವಿಷಯವೇ ಎಂದುಕೊಳ್ಳುತ್ತ.

ಬುರುಲ್ ಎಜೆ ಮೇಜಿನ ಖಾನೆಗಳನ್ನು ಖಾಲಿ ಮಾಡುತ್ತಿದ್ದಳು. ಹಳೆಯ ಸ್ಕ್ರೂಗಳು, ಹಗ್ಗ, ಒಂದು ಉಣ್ಣೆಯ ಕಾಲುಚೀಲ. "ಬಂದ್ಯಾ? ಒಳ್ಳೇದಾಯ್ತು. ಈ ಪೆಟ್ಟಿಗೆ ಕೆಳಗಿಡು, ನನ್ನ ಸೊಂಟಕ್ಕಾಗಲ್ಲ." ಅವನು ಪೆಟ್ಟಿಗೆಯನ್ನು ಕೆಳಗಿಟ್ಟು, ಹಾಗೇ ಬಗ್ಗಿದ್ದಾಗಲೇ, ಮುಖ ಕಾಣದಿರುವಾಗಲೇ ಎಲ್ಲ ಹೇಳಿಬಿಟ್ಟ. ಇಸವಿ, ಫೋನು, ತಿದ್ದಿದ್ದು. ಹೇಳಿ ಮುಗಿಸಿ ಎದ್ದಾಗ ಆಕೆ ಕಾಲುಚೀಲವನ್ನು ಮಡಿಸುತ್ತಿದ್ದಳು.

"ಒಳ್ಳೇ ಹುಡುಗ ನೀನು" ಎಂದಳು.

"ಎಜೆ, ನಾನು ನಿಜ ಹೇಳ್ತಿದ್ದೀನಿ."

"ಗೊತ್ತು, ಗೊತ್ತು. ನಿಮ್ಮಮ್ಮನೂ ಹೀಗೇ. ಯಾರ ಮನೇಲಾದ್ರೂ ಬಟ್ಟಲು ಒಡೆದ್ರೆ ನನ್ನ ಮೊಣಕೈ ತಾಗ್ತು ಅಂತಿದ್ಲು."

"ನಿಮ್ಮ ಯಂತ್ರದ ದಿನದಿನದ ದಾಖಲೆ ನೋಡಿ ಬೇಕಾದ್ರೆ. ಮೊದಲನೆಯದರ ಸಂಖ್ಯೆ ನನ್ನದಕ್ಕಿಂತ ಸಣ್ಣದು, ತಗೊಳ್ಳಲ್ಲ ಅಂತ ಅದು ಪ್ರತಿ ಸಲ ಬರೆದಿರುತ್ತೆ."

"ಅದನ್ನೂ ಅಳಿಸ್ದೆ ಕಣೋ." ಆಕೆ ಕುಳಿತಳು. "ಮೊದಲಾಗಿದ್ರೆ ಅದನ್ನೇ ಮೊದಲು ನೋಡ್ತಿದ್ದೆ. ಬೇರೆಯವರಿಗೂ ಹಾಗೇ ಹೇಳ್ಕೊಡ್ತಿದ್ದೆ. ಸೋಮವಾರ ಬಂದು ಕೂತೆ. ಏನು ತಪ್ಪು ಮಾಡಿದೀನೋ, ಯಾರಾದ್ರೂ ನೋಡೋಕೆ ಮುಂಚೆ ಎಲ್ಲ ತೊಳೆದುಬಿಡೋಣ ಅನ್ನಿಸ್ತು. ಎರಡು ದಿನ ಧೈರ್ಯ ಬರ್ಲಿಲ್ಲ. ನಿನ್ನೆ ತೊಳ್ದೆ. ಸರಿಹೋಯ್ತು. ಅಂದ್ಮೇಲೆ ನನ್ನದೇ ತಾನೇ?" ಖಾಲಿ ಖಾನೆಯನ್ನು ಒಳಕ್ಕೆ ತಳ್ಳಿ, "ಮಂಗಳವಾರ ನೆನಪಿನ ಪರೀಕ್ಷೆಗೆ ಹೋಗ್ತಿದ್ದೀನಿ. ಈ ಆಸ್ಪತ್ರೇಲಲ್ಲ, ಬೇರೆ ಕಡೆ. ಇಲ್ಲಾದ್ರೆ ಸಂಜೆಯೊಳಗೆ ಅಡುಗೆಮನೆಯವರಿಗೂ ತಿಳಿಯುತ್ತೆ. ನಮ್ಮ ಅಕ್ಕನಿಗೂ ಹೀಗೇ ಶುರುವಾಗಿದ್ದು, ಕನ್ನಡಕದಿಂದಾನೇ."

ಶಬ್ದಾನನಿಗೆ ಕೋಣೆ ಒಂದು ಕ್ಷಣ ದೂರ ಸರಿದಂತಾಯಿತು. ಆಕೆಗೆ ತನ್ನ ಮೇಲೆ ಕೋಪವಿರಬಹುದು, ಆಕೆ ತಪ್ಪನ್ನು ಮೊದಲೇ ಕಂಡುಹಿಡಿದು ತಾನಾಗಿ ಬರಲೆಂದು ಕಾಯುತ್ತಿರಬಹುದು, ಎಂದೆಲ್ಲ ಅಂಗಳ ದಾಟುವಾಗ ಅಂದುಕೊಂಡಿದ್ದ. ಆಕೆ ತನ್ನನ್ನು ನಂಬಿರಬಹುದೆಂದು ಮಾತ್ರ ಹೊಳೆದಿರಲಿಲ್ಲ. ತನ್ನ ಒಂದು ಮಾತು ಹೋಗಿ ಆಕೆಯೊಳಗೆ ಕುಳಿತು ಅಕ್ಕನ ಕಾಯಿಲೆಯ ಹೆಸರು ಪಡೆದಿತ್ತು. ಅದನ್ನು ತೆಗೆಯಲು ಸಾಕ್ಷಿ ಬೇಕು, ಸಾಕ್ಷಿಯನ್ನು ಆಕೆಯೇ ತೊಳೆದಿದ್ದಳು, ಅವನ ಬಳಿ ಇದ್ದದ್ದು ತನಗೇ ನಂಬಿಕೆಯಿಲ್ಲದ ಒಂದು ನೆನಪು. "ಮತ್ತೆ ಮಾಡಿ ತೋರಿಸ್ತೀನಿ" ಎಂದ. ಆಕೆ ಬೇಡವೆನ್ನುವ ಮೊದಲೇ ಆಕೆಯ ಕುರ್ಚಿಯಲ್ಲಿ ಕುಳಿತು ಅಲ್ಲಿಂದಲೇ ತನ್ನ ಸರ್ವರಿನೊಳಗೆ ಹೋದ. ಇಸವಿಯನ್ನು ಐವತ್ತೆರಡು ಮಾಡಿದ. ಆಕೆಯ ಯಂತ್ರ ಬಂದು ಇಣುಕಿತು, ನಕಲು ಒಯ್ದಿತು. ಮತ್ತೆ ಇಪ್ಪತ್ತೈದು ಮಾಡಿದ. ಯಾರೂ ಬಳಸದ ಒಂದು ವಿಳಾಸಕ್ಕೆ ಬಾಯಿಗೆ ಬಂದ ಹೆಸರೊಂದನ್ನು ಬರೆದ. ಇಬ್ಬರೂ ಕಾದರು. ಮೊದಲನೆಯದನ್ನು ಕೇಳಿದ: ಹೊಸ ಹೆಸರು. ಎರಡನೆಯದನ್ನು ಕೇಳಿದ: ಏನೂ ಗೊತ್ತಿಲ್ಲ. ಮತ್ತೆ ಕೇಳಿದ. ಗೊತ್ತಿಲ್ಲ. ಬುರುಲ್ ಎಜೆ ಕನ್ನಡಕ ಏರಿಸಿ ಅವನ ಭುಜದ ಮೇಲಿನಿಂದ ಬಗ್ಗಿ ನೋಡಿದಳು. ಆಕೆಯ ಉಸಿರಿನಲ್ಲಿ ಚಹಾದ ವಾಸನೆ. ದಾಖಲೆಯಲ್ಲಿ ಯಂತ್ರ ನಿಧಾನವಾಗಿ, ಯಾರ ಮೇಲೂ ಕೋಪವಿಲ್ಲದೆ, ಅದೇ ಮಾತನ್ನು ಬರೆಯುತ್ತಿತ್ತು: ಸಂಖ್ಯೆ ನನ್ನದಕ್ಕಿಂತ ಸಣ್ಣದು.

"ಹೀಗೂ ಆಗಬಹುದು ಅಂತ ತೋರಿಸ್ದೆ" ಎಂದಳು ಆಕೆ. "ಹೀಗೇ ಆಯ್ತು ಅಂತಲ್ಲ."

"ಹೌದು."

"ನಿನಗೆ ಯಾವಾಗ ಗೊತ್ತಾಯ್ತು? ಸೋಮವಾರಕ್ಕೆ ಮುಂಚೆಯೋ, ಆಮೇಲೋ?"

ಅವನು ಆಮೇಲೆ ಎನ್ನಬಹುದಿತ್ತು. ಬೆಳಿಗ್ಗೆ ಕಾರಿಡಾರಿನಲ್ಲಿ ಎಂದರೆ ಅದೂ ಸುಳ್ಳಾಗುತ್ತಿರಲಿಲ್ಲ. ಮುಂಚೆಯೇ ಎಂದುಬಿಟ್ಟರೆ ಎಲ್ಲ ಮುಗಿಯುತ್ತದೆ, ಆಕೆ ಪೂರ್ತಿ ನಂಬುತ್ತಾಳೆ, ತಾನು ಪೂರ್ತಿ ಕೆಟ್ಟವನಾಗಿ ನಿರಾಳವಾಗಬಹುದು ಎಂದೂ ಅನ್ನಿಸಿತು. ಆದರೆ ಅದೂ ಗೊತ್ತಿರಲಿಲ್ಲ. ಮೇಜಿನ ಸುತ್ತಿನ ಮುಖಗಳು, ಬಟ್ಟಲಿಗೆ ತಾಗುವ ಪೆನ್ನು, ತಲೆಯ ಹಿಂದೆ ಕದಲಿದ್ದು. ಕೈ ಹಾಕಿದರೆ ಸಿಗದು, ಇಲ್ಲವೆಂದರೆ ಇದೆ. "ಗೊತ್ತಿಲ್ಲ ಎಜೆ" ಎಂದ. "ನಿಜವಾಗ್ಲೂ ಗೊತ್ತಿಲ್ಲ."

ಆಕೆಯ ಮುಖದ ಮೇಲೆ ಕೆಂಪು ನಿಧಾನವಾಗಿ ಏರಿತು. "ಏಳು" ಎಂದಳು. "ಏಳೋ ನನ್ನ ಕುರ್ಚಿಯಿಂದ!" ಕಾಲುಚೀಲವನ್ನು ಅವನ ಎದೆಗೆ ಎಸೆದಳು. "ನಗ್ತಿದ್ದೆಯಲ್ಲೋ ನೀನೂ, ಎಲ್ಲರ ಜೊತೆ! ಮೂರು ರಾತ್ರಿ ಮಲಗಿಲ್ಲ ನಾನು. ಏಳು ತಂದೆಯರ ಹೆಸರನ್ನ ಹೇಳ್ಕೋತಾ ಕೂತಿದ್ದೆ, ಯಾವುದು ಬಿಟ್ಟುಹೋಗಿದೆ ಅಂತ ನೋಡ್ಕೊಳ್ಳೋಕೆ. ಒಲೆ ಆರಿಸಿದ್ನಾ ಅಂತ ಅರ್ಧ ದಾರಿಯಿಂದ ಮನೆಗೆ ಓಡಿದೀನಿ!" ಶಬ್ದಾನ್ ಕಾಲುಚೀಲವನ್ನು ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿ ನಿಂತ. ಆಕೆ ಬೈಯುತ್ತಿದ್ದಷ್ಟು ಹೊತ್ತೂ ಅವನಿಗೆ ಉಸಿರಾಡಲು ಸಾಧ್ಯವಾಯಿತು. ಬೈಗುಳ ನಿಂತಾಗ ಭಯವಾಯಿತು.

ಆಮೇಲೆ ಆಕೆ ಕೀಬೋರ್ಡು ಎಳೆದುಕೊಂಡಳು. ಅವನು, "ನಿಮ್ಮ ನಕಲನ್ನ ಮತ್ತೆ ಅಳಿಸಿದ್ರೆ ಸಾಕು" ಎಂದ. "ಯಾಕೆ ಅಳಿಸ್ಲಿ? ನಾನೇನು ತಪ್ಪು ಮಾಡಿದೀನಿ ಅಳಿಸೋಕೆ?" ಎಂದು ಅವನದೇ ಸರ್ವರಿನ ಫೈಲಿಗೆ ಕೈ ಹಾಕಿದಳು. ಈ ಸಂಖ್ಯೆಗಳು ಗಡಿಯಾರದ ಮುಳ್ಳಿನಂತೆ ಸುತ್ತು ಬರುತ್ತವೆ. ಮುಂದಕ್ಕೆ ಸಾಕಷ್ಟು ದೂರ ಹಾರಿಸಿದರೆ ಹಿಂದಿದ್ದದ್ದು ಮುಂದಿನದಾಗುತ್ತದೆ. ಅವನು ಓದಿದ್ದ, ಮಾಡಿರಲಿಲ್ಲ. ಆಕೆ ಹತ್ತಂಕಿಯ ಸಂಖ್ಯೆಯೊಂದನ್ನು ಬಾಯಲ್ಲೇ ಕೂಡಿಸಿದಳು. ಲೆಕ್ಕ ಮಾಡುವಾಗ ಆಕೆಯ ತಲೆಮಾರಿನವರು ರಷ್ಯನ್ನಿಗೆ ಹೊರಳುತ್ತಾರೆ, ಗೊಣಗಾಟ ಮಗ್ಗಿ ಒಪ್ಪಿಸುವವರಂತೆ ಕೇಳಿಸುತ್ತಿತ್ತು. ಒಮ್ಮೆ ಏರಿಸಿದಳು, ಯಂತ್ರ ನಕಲು ಒಯ್ಯುವವರೆಗೆ ಕಾದಳು, ಇಂದಿನ ತಾರೀಕಿಗೆ ಇಳಿಸಿದಳು, ಮತ್ತೆ ಕಾದಳು. ಎರಡೂ ಸರ್ವರುಗಳನ್ನು ಕೇಳಿದಳು. ಎರಡೂ ಒಂದೇ ಉತ್ತರ ಹೇಳಿದವು. ಆಕೆ ಎಲ್ಲಿಯೂ ತಡವರಿಸಿರಲಿಲ್ಲ.

"ಇಂಥ ತಲೆಗೆ ಎಂಥ ಪರೀಕ್ಷೆ ಎಜೆ? ಬಿಟ್ಟುಬಿಡಿ" ಎಂದ ಅವನು.

"ಹೋಗ್ತೀನಿ."

"ಯಾಕೆ? ನಿಮ್ಮ ತಪ್ಪಲ್ಲ ಅಂತ ಗೊತ್ತಾಯ್ತಲ್ಲ."

"ತಪ್ಪು ಯಾರದಾದ್ರೂ ಆಗ್ಲಿ" ಎಂದಳು ಆಕೆ, ಅವನತ್ತ ತಿರುಗದೆ. "ನೀನು ಅಂದಿದ್ದನ್ನ ನಾನು ಎಷ್ಟು ಬೇಗ ನಂಬಿಬಿಟ್ಟೆ ನೋಡು. ನಾನು ಹಾಗಿದ್ದೋಳಾ?"

ಮುಂದಿನ ಸೋಮವಾರ ಶಬ್ದಾನ್ ಅದೇ ಮೇಜಿನ ಬಳಿ ಎದ್ದು ನಿಂತು, ತಪ್ಪು ತನ್ನ ಫೈಲಿನದು, ಬುರುಲ್ ಎಜೆಯ ಯಂತ್ರದ್ದಲ್ಲ, ಸಾಕ್ಷಿ ಈಗ ಉಳಿದಿಲ್ಲ ಎಂದು ಹೇಳಿದ. ಕುಳಿತೇ ಹೇಳಬಹುದಾಗಿದ್ದ ಮಾತಿಗೆ ಎದ್ದು ನಿಂತದ್ದರಿಂದ ಎಲ್ಲರಿಗೂ ಮುಜುಗರವಾಯಿತು. ಪೆರಿಜಾತ್ ಗಡಿಯಾರ ನೋಡಿಕೊಂಡಳು. ಡೈರೆಕ್ಟರ್, "ಸರಿ, ಸರಿ. ಹಾಗಾದ್ರೆ ಎಜೆ, ಆ ವಿಶ್ರಾಂತಿ ವಿಷಯ ನೀವು ಹೇಗೆ ಹೇಳ್ತೀರೋ ಹಾಗೆ" ಎಂದು ಲಾಂಡ್ರಿಯ ವಿಷಯಕ್ಕೆ ಹೋದರು. ಬುರುಲ್ ಎಜೆ "ನೋಡ್ತೀನಿ" ಎಂದಳು. ಯಾರೂ ನಗಲಿಲ್ಲ.

ಮಂಗಳವಾರ ಅವನು ಆಕೆಯ ಜೊತೆ ಹೋದ. ತಾನೂ ಬರಲೇ ಎಂದು ಕೇಳಿದಾಗ, "ಬಾ. ಒಳಗೆ ಮಾತ್ರ ಬರಬೇಡ" ಎಂದಿದ್ದಳು. ನಗರದ ಇನ್ನೊಂದು ತುದಿಯ ಆ ಆಸ್ಪತ್ರೆಯ ಬೆಂಚಿನ ಮೇಲೆ ಆಕೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಮುಚ್ಚಿದ ಬಾಗಿಲಿನಾಚೆ ಎಳೆಯ ಗಂಡು ದನಿಯೊಂದು ಏನೋ ಕೇಳುತ್ತಿತ್ತು, ಆಕೆಯ ದನಿ ಏನೋ ಹೇಳುತ್ತಿತ್ತು. ಪದಗಳು ತಿಳಿಯುತ್ತಿರಲಿಲ್ಲ, ನಡುವಿನ ಮೌನ ಮಾತ್ರ ತಿಳಿಯುತ್ತಿತ್ತು. ಕೆಲವು ಮೌನ ಚಿಕ್ಕವು, ಕೆಲವು ದೊಡ್ಡವು. ದೊಡ್ಡ ಮೌನ ಯೋಚನೆಯೋ, ಹುಡುಕಾಟವೋ, ಡಾಕ್ಟರು ಬರೆದುಕೊಳ್ಳುತ್ತಿದ್ದಾರೋ ಎಂದು ಹೇಳುವುದು ಹೇಗೆ? ಪಕ್ಕದಲ್ಲಿ ಕುಳಿತಿದ್ದ ಮುದುಕಿ, "ನಿಮ್ಮ ಅಮ್ಮನಾ?" ಎಂದು ಕೇಳಿದಳು. ಅಲ್ಲ ಎನ್ನಲು ಹೋಗಿ ಹೌದು ಎಂದ.

ಬಾಗಿಲು ತೆರೆಯಿತು. ಬುರುಲ್ ಎಜೆ ತಲೆವಸ್ತ್ರ ಸರಿಪಡಿಸಿಕೊಳ್ಳುತ್ತ ಹೊರಗೆ ಬಂದಳು. ಅವನು ಎದ್ದ.

"ಎಲ್ಲ ಸರಿಯಿದೆಯಂತೆ" ಎಂದಳು.

ಅವನು ಆಕೆಯ ಮುಖ ನೋಡಿದ. ಇಪ್ಪತ್ತು ವರ್ಷ ನೋಡಿದ ಮುಖ. ಅದರಲ್ಲಿ ಏನಿದೆಯೆಂದು ಅವನಿಗೆ ಓದಲಾಗಲಿಲ್ಲ. ಮತ್ತೊಮ್ಮೆ ಕೇಳಬೇಕೆನ್ನಿಸಿತು; ಎರಡು ಸಲ ಕೇಳುವ ಹಕ್ಕು ಯಾರಿಗಿದ್ದರೂ ತನಗಿಲ್ಲ ಎಂದೂ ಅನ್ನಿಸಿತು. "ಒಳ್ಳೇದಾಯ್ತು ಎಜೆ" ಎಂದ. ಆಕೆ ಚೀಲಕ್ಕಾಗಿ ಕೈ ಚಾಚಿದಳು. ಅವನು ಕೊಡಲಿಲ್ಲ, ತಾನೇ ಹೊತ್ತುಕೊಂಡ. ಇಬ್ಬರೂ ಬಸ್ಸಿನ ಕಡೆ ನಡೆದರು. ತಿರುವಿನಲ್ಲಿ ಆಕೆ ಅರೆಗಳಿಗೆ ನಿಂತಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ರಸ್ತೆ ದಾಟುವ ಯಾರಾದರೂ ಹಾಗೆ ನಿಲ್ಲುತ್ತಾರೆ. ಅವನು ಕಾದ. ಆಮೇಲೆ ಆಕೆ ಹೊರಟ ಕಡೆಗೇ ತಾನೂ ಹೊರಟ.